ನಡಿಗಡ್ಡದಲ್ಲೊಂದು ಹಳೇ ಕ್ಲಚ್ ವೈರ್

ಎರ್ರವಳ್ಳಿ ಚೌರಸ್ತಾ ಕಣ್ಣಿಗೆ ಬೀಳುವ ಹೊತ್ತಿಗೆ ಮಾಸ್ತರ ಬೈಕಿನ ಕ್ಲಚ್ ವೈರ್ ಹರಿಯಿತು. ಹೆದ್ದಾರಿಯ ಅಂಚಿನಲ್ಲಿ ಗಾಡಿ ತಳ್ಳಿಕೊಂಡು ಬಂದು ಒಂದು ಪಂಕ್ಚರ್ ಅಂಗಡಿ ಮುಟ್ಟಿಸಿದರು. ಮೆಕ್ಯಾನಿಕ್ ಹುಡುಗ ಹತ್ತು ನಿಮಿಷದಲ್ಲಿ ಹೊಸ ವೈರ್ ಏರಿಸಿದ. ಹಳೆಯದನ್ನು ಸರ್ರನೆ ಎಳೆದು, ಬೆರಳಿಗೆ ಸುತ್ತಿ, ಇದು ನಿಮಗೆ ಬೇಕೇ ಎಂದು ತೆಲುಗಿನಲ್ಲಿ ಕೇಳಿದ. ಮಾಸ್ತರು ಬೇಡವೆಂದರು. ಗೋಡೆಯ ಮೊಳೆಗೆ ಅಂಥವೇ ನಾಲ್ಕೈದು ಸಿಂಬಿಗಳು ನೇತಾಡುತ್ತಿದ್ದವು. ಇದೂ ಅವುಗಳ ಜತೆ ಸೇರಿತು. ಹರಿದ ವೈರಿಗೂ ಗಿರಾಕಿಗಳಿದ್ದಾರಲ್ಲ ಎಂದು ಒಂದು ಗಳಿಗೆ ಅನಿಸಿತು, ಅಷ್ಟೆ. ಚಹಾ ಕುಡಿದು ಉಂಡವಳ್ಳಿಯ ದಿಕ್ಕಿಗೆ ಗಾಡಿ ತಿರುಗಿಸಿದರು.

ಬೆಳಿಗ್ಗೆ ರಾಯಚೂರು ಬಿಟ್ಟವರು ಗದ್ವಾಲ ದಾಟಿ ಇಲ್ಲಿಯವರೆಗೆ ಒಂದು ದೊಡ್ಡ ನದಿಯನ್ನೂ ದಾಟಿರಲಿಲ್ಲ. ದಾಟಬೇಕಾಗಿಯೂ ಇಲ್ಲ. ಎಡಕ್ಕೆ ಕೃಷ್ಣೆ, ಬಲಕ್ಕೆ ತುಂಗಭದ್ರೆ. ನಡುವಿನ ನೆಲವನ್ನು ಇತಿಹಾಸದ ಪುಸ್ತಕಗಳು ರಾಯಚೂರು ದೋಆಬ್ ಎನ್ನುತ್ತವೆ. ಬಹಮನಿಗಳೂ ವಿಜಯನಗರದವರೂ ತಲೆಮಾರುಗಟ್ಟಲೆ ಬಡಿದಾಡಿದ್ದು ಇದೇ ನೆಲಕ್ಕಾಗಿ. ಅದರ ಪೂರ್ವದ ತುದಿಗೆ, ಎರಡೂ ನದಿಗಳು ಹತ್ತಿರ ಹತ್ತಿರ ಬರುವ ಭಾಗಕ್ಕೆ, ತೆಲುಗಿನಲ್ಲಿ ನಡಿಗಡ್ಡ ಎಂಬ ಹೆಸರಿದೆ. ಕನ್ನಡದ ಕಿವಿಗೆ ಅದು ನಡುಗಡ್ಡೆ ಎಂದೇ ಕೇಳಿಸುತ್ತದೆ. ಅರ್ಥವೂ ಹೆಚ್ಚು ದೂರ ಹೋಗುವುದಿಲ್ಲ. 1956ರವರೆಗೆ ಗದ್ವಾಲ, ಅಲಂಪುರ ಎರಡೂ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ಭಾಷಾವಾರು ಪ್ರಾಂತ ಆದಾಗ ಮೆಹಬೂಬನಗರಕ್ಕೆ ಹೋದವು. 2016ರ ಅಕ್ಟೋಬರ್‌ನಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯಾಯಿತು. ಜಿಲ್ಲೆಯ ಬೋರ್ಡುಗಳು ಹೀಗೆ ಬದಲಾಗುತ್ತ ಬಂದರೂ ಎರೆ ಹೊಲ ಎಲ್ಲಿ ಮುಗಿದು ಮಸಾರಿ ಎಲ್ಲಿ ಶುರುವಾಗುತ್ತದೆ ಎಂಬ ಗಡಿ ಮಾತ್ರ ಕದಲಿಲ್ಲ. ಕೌಜುಗಕ್ಕೂ ಮೊಲಕ್ಕೂ ಗೊತ್ತಿರುವುದು ಆ ಗಡಿಯೊಂದೇ.

ಮಾಸ್ತರು ರಾಯಚೂರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಭಾನುವಾರ ಬಂತೆಂದರೆ ಕೊರಳಿಗೆ ಬೈನಾಕ್ಯುಲರ್. ಉಂಡವಳ್ಳಿಯ ಕಡೆ ಅವರ ಹಳೆಯ ಶಿಷ್ಯನೊಬ್ಬ ತಾಯಿಯ ತವರಿನ ಹೊಲದಲ್ಲಿ ಹತ್ತಿ ಬೀಜದ ಪ್ಲಾಟು ಮಾಡುತ್ತಾನೆ. ಗದ್ವಾಲ ಎಂದರೆ ಹೊರಗಿನವರಿಗೆ ಸೀರೆ, ರೈತರಿಗೆ ಹೈಬ್ರಿಡ್ ಹತ್ತಿ ಬೀಜ. “ಹಕ್ಕಿ ನೋಡಾಕ ಬರ್ರಿ ಸರ್, ನಮ್ಮ ತಾತನ ಕೂಡ ಮಾತಾಡ್ರಿ. ಅವ ಹಳೇ ಶಿಕಾರಿ” ಎಂದು ಶಿಷ್ಯ ಫೋನಿನಲ್ಲಿ ಹೇಳಿದ್ದ.

ತಾತ ಹುಣಸೆಮರದ ಕೆಳಗೆ ಹೊರಸಿನ ಮೇಲೆ ಕೂತಿದ್ದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಬೈಗುಳಕ್ಕೆ ಎರಡೂ. ಕೊರಳಲ್ಲಿದ್ದ ಬೈನಾಕ್ಯುಲರ್ ತೆಗೆದುಕೊಂಡು ಒಮ್ಮೆ ನೋಡಿ, “ಇದ್ರಾಗ ಹತ್ರ ಕಾಣ್ತಾವು. ಆದ್ರ ಕೂಗು ಕೇಳಂಗಿಲ್ಲಲ್ರೀ ಮಾಸ್ತರ್ರೀ” ಎಂದು ವಾಪಸು ಕೊಟ್ಟರು.

ಆಮೇಲೆ ಬಿಚ್ಚಿಕೊಂಡಿದ್ದು ಒಂದು ಪಾಠವೇ. ಕುದುರೆ ಬಾಲದ ಕೂದಲು ಹೊಸೆದು ಮಾಡಿದ ಸಣ್ಣ ಉರುಲುಗಳು ಕೌಜುಗಕ್ಕೆ, ಬುರ್ಲಿಗೆ. ಒಂದು ಕೋಲಿಗೆ ಸಾಲಾಗಿ ಕಟ್ಟಿ ಕಾಲುದಾರಿಯಲ್ಲಿ ನೆಡಬೇಕು. ಸಾಕಿದ ಗಂಡು ಕೌಜುಗವನ್ನು ಪಂಜರದಲ್ಲಿಟ್ಟು ಅದರ ಸುತ್ತ ಹಾಕುವುದು ಇನ್ನೂ ಜಾಣತನ. ಒಳಗಿನದು ಕೂಗುತ್ತದೆ, ಹೊರಗಿನದು ಜಗಳಕ್ಕೆ ಬರುತ್ತದೆ. ಮೊಲಕ್ಕೆ ನೂಲಿನ ಬಲೆ ಮತ್ತು ನಾಲ್ಕು ಜನ, ಇಲ್ಲವೇ ಎರಡು ನಾಯಿ. ಉಡಕ್ಕೆ ಸಲಿಕೆ. ಲಾವುಗೆ ಹಿಡಿಯುವವರು ಎತ್ತಿನ ಮರೆಯಲ್ಲಿ ಹೆಜ್ಜೆ ಹಾಕುತ್ತಿದ್ದರಂತೆ: ನಾಲ್ಕು ಕಾಲಿನದಕ್ಕೆ ಹಕ್ಕಿ ಹೆದರುವುದಿಲ್ಲ. ಹೊಲದ ಇಲಿಯ ಬಿಲ ತೋಡಿದರೆ ಇಲಿಯೂ ಸಿಗುತ್ತದೆ, ಅದು ಕೂಡಿಟ್ಟ ಜೋಳದ ತೆನೆಯೂ ಸಿಗುತ್ತದೆ. “ಬರಗಾಲದಾಗ ಅದಾ ನಮ್ಮ ರೇಷನ್ ಅಂಗಡಿ.”

ಇಂಥ ಕಡೆ ಪಟ್ಟಣದಿಂದ ಬಂದವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಮಾಸ್ತರೂ ಕೇಳಿದರು. ಹಿಂದಿನವರಿಗೆ ಒಂದು ನಿಯಮ ಇತ್ತಲ್ಲವೇ ತಾತ, ಗಬ್ಬದ ಪ್ರಾಣಿ ಹೊಡೆಯಬಾರದು, ಮರಿ ಇದ್ದರೆ ಬಿಡಬೇಕು, ಹೀಗೆ? ತಾತ ನಕ್ಕರು. “ಬಲಿಯಾಗ ಬಿದ್ದಿದ್ದು ಗಬ್ಬ ಐತೋ ಇಲ್ಲೋ ಯಾರಿಗೆ ಗೊತ್ತು? ಹಸಿವಿ ಇದ್ದಾಗ ಮರೀನೂ ತಿಂದೀವಿ. ನಾವು ಬಿಟ್ಟಿದ್ದಲ್ರೀ, ಅವು ತಪ್ಪಿಸ್ಕೊಂಡಿದ್ದು.”

ಸಾಂಪ್ರದಾಯಿಕ ಬೇಟೆಯ ಬಗ್ಗೆ ಬರೆದ ಎಷ್ಟೋ ಲೇಖನಗಳಿಗಿಂತ ಈ ಕೊನೆಯ ವಾಕ್ಯ ಹೆಚ್ಚು ಪ್ರಾಮಾಣಿಕ. ಕುದುರೆ ಕೂದಲಿನ ಉರುಲು ಹರಿಯುತ್ತಿತ್ತು. ನೂಲಿನ ಬಲೆಯನ್ನು ಮೊಲ ಹಾರುತ್ತಿತ್ತು. ನಾಯಿಗೆ ದಣಿವಾಗುತ್ತಿತ್ತು. ಪ್ರಾಣಿಗಳನ್ನು ಉಳಿಸಿದ್ದರಲ್ಲಿ ಬೇಟೆಗಾರನ ಕರುಣೆಗಿಂತ ಅವನ ಸಲಕರಣೆಯ ಕೊರತೆಯ ಪಾಲೇ ದೊಡ್ಡದು.

ಬೇಟೆಯೇನೂ ಬಡವರ ಗುತ್ತಿಗೆಯಾಗಿರಲಿಲ್ಲ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಬರೆದ ‘ಮಾನಸೋಲ್ಲಾಸ’ದಲ್ಲಿ ಬೇಟೆ ರಾಜನ ವಿನೋದಗಳಲ್ಲೊಂದು. ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವ ಉಪಾಯ ಅಲ್ಲಿದೆ. ತಾತನ ಪಂಜರದ ಕೌಜುಗದ್ದೂ ಅದೇ ಲೆಕ್ಕ. ಮೀನು ಹಿಡಿಯುವುದಕ್ಕೂ ಪ್ರತ್ಯೇಕ ವಿನೋದವಿದೆ: ಯಾವ ಮೀನಿಗೆ ಯಾವ ಉಂಡೆ ಹಾಕಬೇಕು ಎಂಬಷ್ಟು ವಿವರ. ಮತ್ಸ್ಯತಜ್ಞ ಸುಂದರಲಾಲ್ ಹೋರಾ 1951ರಲ್ಲಿ ಆ ಭಾಗವನ್ನು ಓದಿ ಅದರ ಬಗ್ಗೆ ವಿದ್ವತ್ ಲೇಖನ ಬರೆದರು. ಮುಂದೆ ದಖ್ಖನಿನ ನವಾಬರು, ದೊರೆಗಳು ಪಳಗಿಸಿದ ಸಿವಂಗಿಯನ್ನು ಎತ್ತಿನ ಬಂಡಿಯಲ್ಲಿ ಒಯ್ದು ಕೃಷ್ಣಮೃಗದ ಮೇಲೆ ಬಿಡುತ್ತಿದ್ದರು. ಸಿವಂಗಿ ಈ ದೇಶದಲ್ಲಿ ಅಳಿಯಿತೆಂದು 1952ರಲ್ಲಿ ಘೋಷಣೆಯಾಯಿತು. ಅರಸ ಆಡಿದರೆ ವಿನೋದ, ಸಾಹೇಬ ಆಡಿದರೆ ಶಿಕಾರಿ, ಬೋಯ ಅಥವಾ ಪಾರ್ಧಿ ಆಡಿದರೆ ಕಳ್ಳಬೇಟೆ. ಮಾತು ಹಳೆಯದೇ, ಆದರೂ ನಡಿಗಡ್ಡದಲ್ಲಿ ಕೂತಾಗ ಮತ್ತೆ ನೆನಪಾಗುತ್ತದೆ.

ಬೋಯರ ಮಾತು ಬಂದಾಗ ಗಡಿಯ ಮಾತೂ ಬರಬೇಕು. ತುಂಗಭದ್ರೆಯ ಉದ್ದಕ್ಕೂ ಇರುವ ದೊಡ್ಡ ಸಮುದಾಯ ಅದು. ಕರ್ನಾಟಕದಲ್ಲಿ ಬೇಡ, ನಾಯಕ, ವಾಲ್ಮೀಕಿ. ಅಲ್ಲಿ ಪರಿಶಿಷ್ಟ ಪಂಗಡ. ತೆಲಂಗಾಣದಲ್ಲಿ ಹಿಂದುಳಿದ ವರ್ಗ. ಪಂಗಡಕ್ಕೆ ಸೇರಿಸಿ ಎಂದು ತೆಲಂಗಾಣ ವಿಧಾನಸಭೆ 2023ರ ಫೆಬ್ರುವರಿಯಲ್ಲಿ ನಿರ್ಣಯ ಮಾಡಿದೆ. ಬಾಗಲಕೋಟೆ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದು ಕಂಪನಿ ಸರಕಾರದ ಎದುರು ನಿಂತರು. ಅವರ ಮೇಲಿನ ಲಾವಣಿಯನ್ನು ಕನ್ನಡ ಶಾಲೆಯ ಮಕ್ಕಳೂ ಬಲ್ಲರು. ಇದನ್ನು ಓದಿ ಯಾರಾದರೂ ಬೇಟೆಯೆಲ್ಲ ಒಂದೇ ಜಾತಿಯ ತಲೆಗೆ ಕಟ್ಟಿದರೆ ಮಾತ್ರ ತಪ್ಪು. ತಾತ ಹೆಸರಿಸಿದ ಹಳೆಯ ಶಿಕಾರಿಗಳಲ್ಲಿ ಊರಿನ ಎಲ್ಲ ಓಣಿಯವರೂ ಇದ್ದರು. ಬಂದೂಕು ಇದ್ದವರಂತೂ ದೊಡ್ಡ ಮನೆಯವರೇ.

ಈಗ ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ಉರುಲು ಹಾಕುವುದು, ಹಿಡಿಯುವುದು, ಅಟ್ಟುವುದು, ಹಕ್ಕಿಯ ಮೊಟ್ಟೆ ತೆಗೆಯುವುದು, ಗೂಡು ಕದಲಿಸುವುದು, ಇವುಗಳಿಗೆ ಪ್ರಯತ್ನ ಪಡುವುದು, ಎಲ್ಲವೂ ಬೇಟೆಯೇ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಆರು ಅನುಸೂಚಿಗಳು ನಾಲ್ಕಕ್ಕೆ ಇಳಿದವು. ಕೃಷ್ಣಮೃಗ, ನವಿಲು, ಉಡ ಮೊದಲ ಅನುಸೂಚಿಯಲ್ಲಿವೆ. ಕೊಂದರೆ 3ರಿಂದ 7 ವರ್ಷ ಜೈಲು, ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ. ಮೊಲ, ಕಾಡುಹಂದಿ ಎರಡನೆಯದರಲ್ಲಿ. ಅಲ್ಲಿ 3 ವರ್ಷದವರೆಗೆ ಜೈಲು ಅಥವಾ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಮ್ಮದು ತಲೆತಲಾಂತರದ ಪದ್ಧತಿ ಎಂದು ವಾದಿಸುವವರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯೂ ಆಸರೆಯಲ್ಲ. ಕಾಡಿನವರ ಸಾಂಪ್ರದಾಯಿಕ ಹಕ್ಕುಗಳನ್ನು ಒಪ್ಪುವ ಆ ಕಾಯ್ದೆಯೇ ಬೇಟೆಯ ಹಕ್ಕನ್ನು ಹೆಸರು ಹಿಡಿದು ಹೊರಗಿಟ್ಟಿದೆ. ಬಿಲದ ಇಲಿಗೆ ಮಾತ್ರ ಯಾವ ಅನುಸೂಚಿಯ ರಕ್ಷೆಯೂ ಇಲ್ಲ. “ಅಂದ್ರ ಇಲಿ ತಿನ್ನಬೌದು, ಮೊಲ ತಿನ್ನಬಾರ್ದು. ದೊಡ್ಡೋರು ಇಲಿ ತಿನ್ನಂಗಿಲ್ಲ, ಅದ್ಕ” ಎಂದು ತಾತ ತಮ್ಮದೇ ವ್ಯಾಖ್ಯಾನ ಕೊಟ್ಟರು.

ಕಾಯ್ದೆ ಪುಸ್ತಕದಲ್ಲಿದೆ, ಹಬ್ಬ ಪಂಚಾಂಗದಲ್ಲಿದೆ. ಯುಗಾದಿ ಮುಗಿದ ಮೇಲೆ ರಾಯಚೂರು, ಕೊಪ್ಪಳ ಕಡೆಯ ಕೆಲವು ಊರುಗಳಲ್ಲಿ ಗಂಡಸರು ಬಡಿಗೆ, ನಾಯಿ ಕಟ್ಟಿಕೊಂಡು ಗುಡ್ಡಕ್ಕೆ ಹೋಗಿ ಮೊಲ ಹೊಡೆದು ತರುವ ರೂಢಿ ಹಳೆಯದು. 2025ರಲ್ಲಿ ರಾಯಚೂರು ಜಿಲ್ಲೆಯ ತುರ್ವಿಹಾಳದಲ್ಲಿ ಸತ್ತ ಮೊಲಗಳನ್ನು ಎತ್ತಿ ಹಿಡಿದು ಮೆರವಣಿಗೆ ಮಾಡಿದ ವಿಡಿಯೊ ನಾಡೆಲ್ಲ ಹರಿದಾಡಿತು, ಪ್ರಕರಣ ದಾಖಲಾಯಿತು. ಅದೇ ಮೊಲವನ್ನು ಚಿತ್ರದುರ್ಗ ಸೀಮೆಯ ಕೆಲವು ಹಳ್ಳಿಯವರು ಸಂಕ್ರಾಂತಿಗೆ ಬಲೆ ಹಾಕಿ ಜೀವಂತ ಹಿಡಿದು, ದೇವರ ಮುಂದೆ ಪೂಜೆ ಮಾಡಿ ಮತ್ತೆ ಬಿಡುತ್ತಾರೆ. ಬಲೆ ಹಾಕಿದ್ದಕ್ಕೆ ಕಾನೂನಿನ ಲೆಕ್ಕದಲ್ಲಿ ಅದೂ ಬೇಟೆಯೇ. ಆದರೂ ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಲು ಮಾಸ್ತರ ಮನಸ್ಸು ಒಪ್ಪಲಿಲ್ಲ.

ದಸರೆಯ ಕಥೆ ಇನ್ನೂ ವಿಚಿತ್ರ. ನೀಲಕಂಠ ಕರ್ನಾಟಕದ ರಾಜ್ಯಪಕ್ಷಿ. ಪಾಲಪಿಟ್ಟ ಎಂಬ ಹೆಸರಿನಲ್ಲಿ ತೆಲಂಗಾಣದ್ದೂ ಅದೇ. ವಿಜಯದಶಮಿಯ ದಿನ ಅದನ್ನು ನೋಡಿದರೆ ಶುಭ ಎಂದು ಜನ ಸಂಜೆ ಹೊಲಗಳ ಕಡೆ ನಡೆಯುತ್ತಾರೆ. ನಡೆಯಲಾಗದ ಹೈದರಾಬಾದಿನವರಿಗಾಗಿ ಹಕ್ಕಿಯನ್ನೇ ಪಂಜರದಲ್ಲಿ ತಂದು, ಕಾಲು ಕಟ್ಟಿ, ದರ್ಶನಕ್ಕೆ ಕಾಸು ವಸೂಲಿ ಮಾಡುವವರು ಹುಟ್ಟಿಕೊಂಡರು. ಅರಣ್ಯ ಇಲಾಖೆಯವರು ದಾಳಿ ಮಾಡಿ ಬಿಡಿಸಿದ ಹಕ್ಕಿಗಳಲ್ಲಿ ಎಷ್ಟೋ ಹಾರುವ ಸ್ಥಿತಿಯಲ್ಲೇ ಇರುತ್ತಿರಲಿಲ್ಲ.

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಉಂಡು ಶಿಷ್ಯನ, ತಾತನ ಜತೆ ಹೊಲಕ್ಕೆ ಹೋದರು. ರಾಜೋಳಿಬಂಡೆ ಕಾಲುವೆಯ ಬಾಲದ ಕಡೆಯ ನೆಲ ಇದು. ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರೆಗೆ ಕಟ್ಟಿದ ಒಡ್ಡಿನಿಂದ ಹೊರಡುವ ಆ ಕಾಲುವೆ 143 ಕಿ.ಮೀ. ಉದ್ದ. ಮೊದಲ 42 ಕಿ.ಮೀ. ಚಿಲ್ಲರೆ ಕರ್ನಾಟಕದಲ್ಲಿ, ಉಳಿದದ್ದು ಈಚೆ; ಈ ಕಡೆ 87,500 ಎಕರೆಗೆ ನೀರು ಕೊಡಬೇಕೆಂಬುದು ಲೆಕ್ಕ. ಬಾಲಕ್ಕೆ ನೀರು ಮುಟ್ಟುವುದಿಲ್ಲ ಎಂಬುದು ಇಲ್ಲಿಯ ಹಳೆಯ ಜಗಳ. ಮುಟ್ಟಲಿ ಬಿಡಲಿ, ಕಾಲುವೆ ಮತ್ತು ಬೋರ್‌ವೆಲ್‌ಗಳು ಬಂದ ಮೇಲೆ ಜೋಳ ಹೋಗಿ ಹತ್ತಿ, ಮೆಣಸಿನಕಾಯಿ ಬಂದವು. ಬೀಳು ಬಿಟ್ಟ ಹುಲ್ಲುಗಾವಲು ಎಂಬುದೇ ಉಳಿಯಲಿಲ್ಲ. ತುಂಗಭದ್ರೆಯ ಆಚೆ, ನಂದಿಕೊಟ್ಕೂರಿನ ಬಳಿ ರೋಳ್ಳಪಾಡು ಅಭಯಾರಣ್ಯ ಆಗಿದ್ದು 1988ರಲ್ಲಿ, ಎರೆಭೂತ ಹಕ್ಕಿಗಾಗಿ. ತೆಲುಗಿನವರ ಬಟ್ಟಮೇಕ ಪಿಟ್ಟ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಸದ್ ರಹಮಾನಿ ಎಂಬತ್ತರ ದಶಕದಲ್ಲಿ ಅಲ್ಲಿ ಕೂತು ಆ ಹಕ್ಕಿಯ ಬದುಕನ್ನು ಅಭ್ಯಾಸ ಮಾಡಿದರು. ಈಗ ಅಲ್ಲಿ ಹಕ್ಕಿ ಇಲ್ಲ, ಹೆಸರು ಇದೆ. ಕೋವಿ ಕೊಂದದ್ದು ಕೆಲವನ್ನು. ಉಳಿದವುಗಳ ಕಾಲ ಕೆಳಗಿನ ಹುಲ್ಲನ್ನೇ ನೇಗಿಲು ತೆಗೆಯಿತು. ಅದಕ್ಕೆ ಯಾವ ಕೇಸೂ ಇಲ್ಲ.

ಎರೆಭೂತ ಹೋಯಿತು, ಕೃಷ್ಣಮೃಗ ಹಾಗಾಗಲಿಲ್ಲ. ಹುಲ್ಲು ಇಲ್ಲವೆಂದರೆ ಹತ್ತಿಯ ಮೊಳಕೆ, ಶೇಂಗಾ, ಹೆಸರು, ಏನಾದರೂ ಆದೀತು ಎಂದುಕೊಂಡು ಬದುಕಿತು. ಕೃಷ್ಣೆಯ ಉತ್ತರ ದಂಡೆಯಲ್ಲಿ, ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ, ಮಾಗನೂರು, ಮಕ್ತಲ್ ಕಡೆ ಹಿಂಡು ಹಿಂಡಾಗಿ ಹೊಲಕ್ಕೆ ಇಳಿಯುತ್ತವೆ. ಕೃಷ್ಣಾ ಮಂಡಲ ಕನ್ನಡ ಶಾಲೆಗಳಿರುವ ಸೀಮೆ. ಅಲ್ಲಿಯ ರೈತರ ಗೋಳು ರಾಯಚೂರಿನವರಿಗೆ ಅನುವಾದವಿಲ್ಲದೆ ಮುಟ್ಟುತ್ತದೆ. ಬಿತ್ತಿದ ಬೀಜ ಎರಡೆಲೆ ಒಡೆದ ವಾರ ಒಂದು ಹಿಂಡು ನುಗ್ಗಿದರೆ ಮತ್ತೆ ಬಿತ್ತಬೇಕು. ರಾತ್ರಿ ಡಬ್ಬ ಬಡಿಯುತ್ತ ಕೂರಬೇಕು. ಮಧ್ಯಪ್ರದೇಶದ ಶಾಜಾಪುರದಲ್ಲಿ 2025ರ ಅಕ್ಟೋಬರ್‌ನಲ್ಲಿ ಹೆಲಿಕಾಪ್ಟರ್ ಹಾರಿಸಿ, ಆಲಿಕೆಯಾಕಾರದ ಬೇಲಿಯೊಳಕ್ಕೆ ಕೃಷ್ಣಮೃಗಗಳನ್ನು ಅಟ್ಟಿ, ಲಾರಿಗಳಲ್ಲಿ ಸಂರಕ್ಷಿತ ಕಾಡುಗಳಿಗೆ ಸಾಗಿಸಿದರು. ಆಫ್ರಿಕದಿಂದ ಬಂದ ಬೋಮಾ ಎಂಬ ವಿಧಾನ ಅದು. ತಾತನಿಗೆ ಇದನ್ನು ವಿವರಿಸಿದಾಗ, “ನಾವು ಮೊಲ ಅಟ್ತಿದ್ದಂಗ! ಹೆಲಿಕಾಪ್ಟರ್ ಇದ್ದಿಲ್ಲ ನಮ್ಕಡಿ” ಎಂದು ಖುಷಿಪಟ್ಟರು.

ಈ ಕಡೆ, ಹೊಲದ ಬದುವಿನಲ್ಲಿ ಶಿಷ್ಯ ತಟ್ಟನೆ ನಿಂತು ಬೇಲಿಯ ಬುಡ ತೋರಿಸಿದ. ಹುಲ್ಲು ಎರಡೂ ಕಡೆ ಬಾಗಿ ಒಂದು ಸಣ್ಣ ಕಿಂಡಿಯಾಗಿತ್ತು. ಮೊಲವೋ ಮುಳ್ಳುಹಂದಿಯೋ ದಿನಾ ನುಸಿಯುವ ದಾರಿ. ಕಿಂಡಿಯ ನಡುವೆ ಗೇಣಗಲದ ಒಂದು ಉರುಲು. ಜಾಲಿಯ ಗೂಟಕ್ಕೆ ಬಿಗಿದದ್ದು. ಮಾಸ್ತರು ಬಗ್ಗಿ ಮುಟ್ಟಿದರು. ಸಣ್ಣ ಸಣ್ಣ ಎಳೆ ಹೊಸೆದ ಉಕ್ಕಿನ ತಂತಿ, ಒಂದು ತುದಿಯಲ್ಲಿ ಸೀಸದ ಗುಂಡಿ.

“ಕ್ಲಚ್ ವೈರ್ ಸರ್” ಎಂದ ಶಿಷ್ಯ. “ಬ್ರೇಕ್ ವೈರೂ ಆಗ್ತದ. ಹರಿಯಂಗಿಲ್ಲ. ಹಂದಿ ಬಿದ್ರೂ ಹರಿಯಂಗಿಲ್ಲ.”

ಮಾಸ್ತರಿಗೆ ಪಂಕ್ಚರ್ ಅಂಗಡಿಯ ಮೊಳೆ ನೆನಪಾಯಿತು.

ತಾತ ದೂರದಲ್ಲೇ ನಿಂತಿದ್ದರು. ಇದನ್ನು ಹಾಕುವವರಿಗೆ ಶಿಕಾರಿ ಗೊತ್ತಿಲ್ಲ ಎಂಬುದು ಅವರ ತಕರಾರು. ಹತ್ತು ಉರುಲು ಹಾಕಿ ಮರೆತುಹೋಗುತ್ತಾರೆ. ಮೂರು ದಿನ ಬಿಟ್ಟು ಬಂದರೆ ಬಿದ್ದದ್ದು ಕೊಳೆತಿರುತ್ತದೆ, ಇಲ್ಲವೇ ನಾಯಿ ತಿಂದಿರುತ್ತದೆ. ರಾತ್ರಿ ಹಣೆಗೆ ಲೈಟು ಕಟ್ಟಿಕೊಂಡು ಬೈಕಿನಲ್ಲಿ ಬರುವ ಹುಡುಗರಿದ್ದಾರೆ. ಬೆಳಕಿಗೆ ಮೊಲ ಕಣ್ಣು ಕೀಲಿಸಿ ನಿಲ್ಲುತ್ತದೆ, ಬಡಿಗೆಯಲ್ಲಿ ಹೊಡೆದರೆ ಆಯಿತು. ಕಾಳಿಗೆ ವಿಷ ಬೆರೆಸಿ ಎರಚಿದರೆ ನವಿಲು ಸಾಲಾಗಿ ಬೀಳುತ್ತವೆ. ಹಂದಿಗೆ ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು. ಅದನ್ನು ಎಮ್ಮೆ ಕಚ್ಚಿದರೆ ಅದರ ದವಡೆಯೂ ಹೋಯಿತು.

ಎಲ್ಲಕ್ಕಿಂತ ಕೆಟ್ಟದ್ದು ಕರೆಂಟು. ಲೈನಿಗೆ ಕೊಂಡಿ ಹಾಕಿ, ಬದುವಿನ ಗುಂಟ ಮೊಣಕಾಲೆತ್ತರಕ್ಕೆ ಬೋಳು ತಂತಿ ಎಳೆಯುವುದು. ಕರ್ನಾಟಕದಲ್ಲಿ ಪಂಪ್‌ಸೆಟ್‌ಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕೊಡುವುದು ರೂಢಿ. ತೆಲಂಗಾಣದಲ್ಲಿ 2018ರ ಜನವರಿ 1ರಿಂದ 24 ಗಂಟೆಯೂ ಉಚಿತ. ರೈತರು ಅದನ್ನು ಹೊಗಳುವುದಕ್ಕೆ ಕಾರಣವಿದೆ, ನಡುರಾತ್ರಿ ಎದ್ದು ಮೋಟಾರು ಹಚ್ಚುವ ಕಷ್ಟ ತಪ್ಪಿತು. ಅದರ ಜತೆಗೆ ತಂತಿಯೂ ರಾತ್ರಿಯೆಲ್ಲ ಜೀವಂತವಾಯಿತು. ಹಂದಿಗೆಂದು ಎಳೆದದ್ದಕ್ಕೆ ಕುರಿ, ಎತ್ತು, ನಸುಕಿನಲ್ಲಿ ನೀರು ತಿರುವಲು ಹೋದ ಪಕ್ಕದ ಹೊಲದವನು, ಒಮ್ಮೊಮ್ಮೆ ತಂತಿ ಎಳೆದವನೇ ಬಿದ್ದ ಸುದ್ದಿಗಳು ಎರಡೂ ರಾಜ್ಯದ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಬೆಳೆ ಕಾಯುವುದು ಎಲ್ಲಿ ಮುಗಿದು ಬೇಟೆ ಎಲ್ಲಿ ಶುರುವಾಯಿತು ಎಂದು ಆ ತಂತಿಯನ್ನು ನೋಡಿ ಹೇಳಲಾಗದು. ಕಾವಲಿಗೆ ಎಂದು ಹಾಕುತ್ತಾರೆ, ಬಿದ್ದರೆ ಮಾಂಸ ಹಂಚಿಕೊಳ್ಳುತ್ತಾರೆ.

ಸಂಜೆಗೆ ಅಲಂಪುರ. ಬಾದಾಮಿ ಚಾಲುಕ್ಯರ ನವಬ್ರಹ್ಮ ದೇವಾಲಯಗಳ ಹಿಂದೆ ತುಂಗಭದ್ರೆ ಅಗಲವಾಗಿ, ತೆಳ್ಳಗೆ ಹರಿಯುತ್ತಿತ್ತು. ನೀರಿಗಿಳಿದ ಒಂದು ಹರಗೋಲು, ಅದರಲ್ಲಿ ಬಲೆ ಬಿಡುತ್ತಿದ್ದ ಗಂಡ ಹೆಂಡತಿ. ಇಲ್ಲಿಂದ ಕೆಳಗೆ, ಕೃಷ್ಣೆ ಸೇರಿ ಶ್ರೀಶೈಲದ ಹಿನ್ನೀರಾದಾಗ, ಮೀನುಗಾರರ ದೊಡ್ಡ ಹಗೆ ಅಲಿವಿ ಬಲೆ: ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನದು, ಮರಿಯನ್ನೂ ಬಿಡದೆ ಬಾಚುತ್ತದೆ. ನಿಷೇಧವಿದ್ದರೂ ಬಳಕೆ ನಿಂತಿಲ್ಲ. ಮೇಲಕ್ಕೆ, ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ನದಿಯನ್ನು ಕರ್ನಾಟಕ ಸರಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಮಾಡಿತು. ಅಲ್ಲಿ ನೀರುನಾಯಿಗೆ ಇರುವ ಅಪಾಯಗಳಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುವುದೂ ಒಂದು. ಹೊಲದಲ್ಲಿ ನಡೆದದ್ದೇ ನೀರಿನಲ್ಲೂ ನಡೆದಿದೆ.

ರಾತ್ರಿ ಉಂಡವಳ್ಳಿಗೇ ಮರಳಿ ಉಳಿದಿದ್ದ ಮಾಸ್ತರನ್ನು ಮರುದಿನ ನಸುಕಿನಲ್ಲಿ ತಾತನೇ ಎಬ್ಬಿಸಿದರು. ಕೊಯ್ದ ಜೋಳದ ಒಂದು ಕೂಳೆ ಹೊಲ, ಅಕ್ಕಪಕ್ಕ ಹತ್ತಿ. ತಾತ ಬಾಯಿಗೆ ಅಂಗೈ ಗೂಡು ಮಾಡಿ ಮೂರು ಹಂತದಲ್ಲಿ ಏರುವ ಕೌಜುಗದ ಕೂಗು ಹಾಕಿದರು. ಏನೂ ಇಲ್ಲ. ಮತ್ತೊಮ್ಮೆ. ಕಾಲುವೆಯ ಆಚೆಯಿಂದ ಉತ್ತರ ಬಂತು; ಬೇಲಿಯ ಕಡೆಯಿಂದ ಇನ್ನೊಂದು. “ಆಕಡಿದು ಗಂಡು, ಸಿಟ್ಟಿಗೆದ್ದೈತಿ. ಈಕಡೀದಕ್ಕ ಜೋಡಿ ಐತಿ, ಅದು ಬರಂಗಿಲ್ಲ” ಎಂದರು. ಐದು ನಿಮಿಷಕ್ಕೆ ಸಿಟ್ಟಿನ ಗಂಡು ಕುತ್ತಿಗೆ ನಿಗುರಿಸಿಕೊಂಡು ಕೂಳೆಯ ನಡುವೆ ಓಡೋಡಿ ಬಂದಿತು. ಮಾಸ್ತರಿಗೆ ಬೈನಾಕ್ಯುಲರ್ ಎತ್ತುವ ಅಗತ್ಯವೇ ಬೀಳಲಿಲ್ಲ. ಮೊಮ್ಮಗನಿಗೆ ಈ ಕೂಗು ಬರುತ್ತದೆಯೇ ಎಂದು ಕೇಳಿದರು. “ಇಲ್ರೀ. ಅವನ ಫೋನಿನ್ಯಾಗ ಐತಿ.”

ವಾಪಸು ಬರುವಾಗ ಎರ್ರವಳ್ಳಿಯ ಪಂಕ್ಚರ್ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರು. ಪಕ್ಕದ ಢಾಬಾದ ಬೋರ್ಡಿನಲ್ಲಿ ಕೌಜು ಪಿಟ್ಟ ಫ್ರೈ ಎಂದಿತ್ತು. ಸಾಕಿದ ಜಪಾನಿ ಲಾವುಗೆ. ಹುಡುಗ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ನಿನ್ನೆಯ ನನ್ನ ವೈರ್ ಇದ್ದರೆ ಕೊಡಪ್ಪ, ಬೇಕಾಗಿದೆ ಎಂದರು ಮಾಸ್ತರು. ಹುಡುಗ ತಲೆಯೆತ್ತಿ ಮೊಳೆಯ ಕಡೆ ನೋಡಿದ. ಮೊಳೆ ಖಾಲಿ ಇತ್ತು. ನಿನ್ನೆ ಸಂಜೆಯೇ ಒಬ್ಬ ಬಂದು ಎಲ್ಲವನ್ನೂ ಒಟ್ಟಿಗೆ ಒಯ್ದ ಎಂದ. ಯಾತಕ್ಕೆ ಎಂದು ಕೇಳಿದರು. ಗೊತ್ತಿಲ್ಲ ಸಾರ್, ಪೈಪು ಕಟ್ಟಲಿಕ್ಕೆ, ಗೇಟಿಗೆ, ಕ್ಯಾರಿಯರಿಗೆ, ಯಾತಕ್ಕಾದರೂ ಆಗುತ್ತದೆ ಎಂದು ಹುಡುಗ ಮತ್ತೆ ಟ್ಯೂಬು ಅದ್ದಿದ.